ಒರೆಗೆ ಹಚ್ಚಿದ ಮದ್ದು

1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಹುಬ್ಬಳ್ಳಿಯ ಕಡೆಯಿಂದ, ರೈಲಿನ ಹಾದಿ ಹಿಡಿದು ಬಂತು. ಬೆಂಗಳೂರಿನಿಂದ ಪೂರ್ವಕ್ಕೆ ಹೊರಟ ಹಳಿ ಮಾಲೂರು, ಟೇಕಲ್ ದಾಟಿ ಬೌರಿಂಗ್‌ಪೇಟೆ ಮುಟ್ಟುತ್ತಿತ್ತು. ಈಗ ಅದೇ ಬಂಗಾರಪೇಟೆ. ಅಲ್ಲಿಂದ ಚಿನ್ನದ ಗಣಿಗೆ ಕವಲು ಹಳಿ ಬಿದ್ದು ಆಗಿನ್ನೂ 4 ವರ್ಷ. ತಮಿಳು, ತೆಲುಗು ಸೀಮೆಗಳಿಂದ ಕೂಲಿಗೆ ಬಂದ ಸಾವಿರಾರು ಜನ ಗಣಿ ಕಂಪನಿಗಳ ಲೈನುಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದ ಜಾಗ ಅದು. 1901ರ ಜನಗಣತಿಯ ಹೊತ್ತಿಗೆ ಗಣಿ ಪ್ರದೇಶದಲ್ಲಿ 38 ಸಾವಿರಕ್ಕೂ ಹೆಚ್ಚು ಜನರಿದ್ದರು. ಜಿಲ್ಲೆಯ ಮುಖ್ಯ ಪಟ್ಟಣವಾದ ಕೋಲಾರದಲ್ಲಿ ಇದ್ದವರು 12 ಸಾವಿರ ಚಿಲ್ಲರೆ. ರೋಗ ಗಣಿಯನ್ನೂ ಹೊಕ್ಕಿತು. ಕೋಲಾರಕ್ಕೆ ಸ್ವಂತ ರೈಲು ಬಂದದ್ದು 1913ರಲ್ಲಿ. ಮುಳಬಾಗಿಲು ಮದರಾಸಿನ ರಸ್ತೆಯ ಮೇಲಿತ್ತು, ಶ್ರೀನಿವಾಸಪುರ ಇನ್ನೂ ಒಳಗೆ. ಆ ಊರುಗಳಿಗೆ ಎಲ್ಲವೂ ಎತ್ತಿನ ಗಾಡಿಯಲ್ಲೇ ಬರಬೇಕು. ಕಾಳಿನ ಮೂಟೆಯ ಜೊತೆ ಇಲಿ, ಇಲಿಯ ಜೊತೆ ರೋಗ.

1898ರಲ್ಲಿ ಮುಳಬಾಗಿಲಿನ ಡಿ.ವಿ. ಗುಂಡಪ್ಪನವರಿಗೆ 11 ವರ್ಷ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರಿಗೆ 7. ಆ ತಲೆಮಾರಿನ ಬಾಲ್ಯಕ್ಕೆ ಪ್ಲೇಗು ಹೊರಗಿನ ಸುದ್ದಿಯಾಗಿರಲಿಲ್ಲ. "ಅವರ ಮನೆಯಲ್ಲಿ ಇಲಿ ಬಿತ್ತಂತೆ" ಎಂಬ ಒಂದು ಮಾತು ಹೊರಟರೆ ಸಾಕು, ಊರಿಗೆ ಊರೇ ಎದ್ದು ನಿಲ್ಲುತ್ತಿತ್ತು. ಕಾಳುಕಡ್ಡಿ, ಪಾತ್ರೆಪರಟಿ ಹೇರಿಕೊಂಡು, ದನಕರು ಹೊಡೆದುಕೊಂಡು ಜನ ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ತೊಡೆಯ ಸಂದಿಯಲ್ಲೋ ಕಂಕುಳಲ್ಲೋ ಗೆಡ್ಡೆ ಎದ್ದವರಲ್ಲಿ ಬಹುಪಾಲು ಜನ ಒಂದು ವಾರ ಕಾಣುತ್ತಿರಲಿಲ್ಲ. ಮಾರಮ್ಮನಿಗೆ ಹರಕೆ ಹೊತ್ತರು. ಪ್ಲೇಗಮ್ಮನೆಂದು ಹೊಸ ಗುಡಿಗಳನ್ನೂ ಕಟ್ಟಿದರು.

ಸರ್ಕಾರಕ್ಕೆ ತಿಳಿದ ಉಪಾಯಗಳು ಬೇರೆ. ಮೈಸೂರು ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ರೋಗಿಗಳನ್ನು ಬೇರ್ಪಡಿಸಿ ಶಿಬಿರಕ್ಕೆ ಕಳಿಸುವುದು, ಮನೆಯ ಹೆಂಚು ತೆಗೆದು ಬಿಸಿಲು ಬಿಡುವುದು, ಔಷಧಿ ಸುರಿದು ತೊಳೆಯುವುದು, ರೈಲಿನಲ್ಲಿ ಪ್ರಯಾಣಿಕರನ್ನು ಇಳಿಸಿ ತಪಾಸಣೆ ಮಾಡುವುದು. ಬೆಂಗಳೂರಿನ ಪ್ಲೇಗ್ ಶಿಬಿರದಲ್ಲಿ ದುಡಿದವರಲ್ಲಿ ಡಾ. ಪಲ್ಪು ಒಬ್ಬರು. ಈಳವ ಜಾತಿಯವರೆಂದು ತಿರುವಾಂಕೂರು ಕೆಲಸ ಕೊಡದ ಈ ವೈದ್ಯರನ್ನು ಮೈಸೂರು ಉಳಿಸಿಕೊಂಡಿತ್ತು. ಶಿಬಿರವೆಂದರೆ ಜನಕ್ಕೆ ರೋಗಕ್ಕಿಂತ ಹೆಚ್ಚಿನ ಭಯ. ಸತ್ತವರನ್ನು ಬಚ್ಚಿಟ್ಟರು, ರಾತ್ರೋರಾತ್ರಿ ಹೂತರು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಗಲಭೆಯೇ ಎದ್ದಿತು.

ಇದರ ನಡುವೆ ಬೊಂಬಾಯಿಯಿಂದ ಒಂದು ಮದ್ದು ಬಂತು. ಸೂಜಿಯಲ್ಲಿ ತೋಳಿಗೆ ಚುಚ್ಚುವ ಮದ್ದು. ಹಾಕಿಸಿಕೊಂಡವರಿಗೆ ಎರಡು ದಿನ ಜ್ವರ, ತೋಳು ನೋವು. ಆಮೇಲೆ ಪ್ಲೇಗು ಹತ್ತಿರ ಸುಳಿಯುವುದು ಕಡಿಮೆ ಎಂದು ಡಾಕ್ಟರರು ಹೇಳಿದರು. ಹಾಗೆಂದು ಅವರಿಗೆ ಹೇಳಿದವರು ಯಾರು? ಆ ಮಾತು ನಿಜವೋ ಸುಳ್ಳೋ ಎಂದು ನೋಡಿದವರು ಯಾರು, ನೋಡಿದ್ದು ಹೇಗೆ? ಗಣಿಯ ಕೂಲಿಯವನ ತೋಳಿಗೂ ಲಂಡನ್ನಿನ ವಿದ್ವತ್ ಸಭೆಗೂ ನಡುವೆ ಇದ್ದ ದಾರಿ ಎಂಥದು? ಈ ಲೇಖನ ಆ ದಾರಿಯನ್ನು ಕುರಿತದ್ದು.

ಇಂದು ಒಂದು ವೈದ್ಯ ಪ್ರಬಂಧ ಅಚ್ಚಾಗುವ ಮೊದಲು ಅದೇ ವಿಷಯ ಬಲ್ಲ ಇಬ್ಬರು ಮೂವರು ಪರಿಣತರು ಹೆಸರು ಹೇಳದೆ ಅದನ್ನು ಓದಿ ಅಭಿಪ್ರಾಯ ಕೊಡುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕ್ರಮ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಇತ್ತು. ಲಂಡನ್ನಿನ ರಾಯಲ್ ಸೊಸೈಟಿ 1752ರಲ್ಲಿ ಪ್ರಬಂಧಗಳನ್ನು ಆರಿಸಲು ಸಮಿತಿ ರಚಿಸಿತು. 1830ರ ದಶಕದಿಂದ ಬಲ್ಲವರ ಕೈಯಿಂದ ಲಿಖಿತ ಅಭಿಪ್ರಾಯ ತರಿಸತೊಡಗಿತು. ವೈದ್ಯ ಪತ್ರಿಕೆಗಳಲ್ಲಿ ಸಂಪಾದಕರೇ ನ್ಯಾಯಾಧೀಶರು. 1823ರಲ್ಲಿ ಥಾಮಸ್ ವೇಕ್ಲಿ ಆರಂಭಿಸಿದ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮುಂದಿನ ವಾರಗಳಲ್ಲಿ ಯಾರಾದರೂ ಪತ್ರ ಬರೆದು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನ ಸಂಪಾದಕ ಅರ್ನೆಸ್ಟ್ ಹಾರ್ಟ್, ಬಂದ ಬರಹಗಳನ್ನು ಆಯಾ ವಿಷಯದ ತಜ್ಞರಿಗೆ ಕಳಿಸುವ ತಮ್ಮ ಪದ್ಧತಿಯನ್ನು 1893ರಲ್ಲಿ ವಿವರಿಸಿದರು. ಅದು ಎಲ್ಲೆಡೆ ರೂಢಿಯಾಗಲು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಬಲ್ಲವರ ಕಣ್ಣೂ ತಪ್ಪುತ್ತದೆ ಎಂಬುದಕ್ಕೆ ಆ ಶತಮಾನದ ಬಾಗಿಲಲ್ಲೇ ಸಾಕ್ಷಿಯಿದೆ. ಎಡ್ವರ್ಡ್ ಜೆನ್ನರ್ ಸಿಡುಬಿನ ದಾಕು ಕುರಿತು 1797ರಲ್ಲಿ ಕೊಟ್ಟ ಬರಹವನ್ನು ರಾಯಲ್ ಸೊಸೈಟಿ ಸ್ವೀಕರಿಸಲಿಲ್ಲ. ಅವರು ಮರುವರ್ಷ ತಾವೇ ಪುಸ್ತಕ ಅಚ್ಚು ಹಾಕಿಸಿದರು. ಇನ್ನು ಏಳೆಂಟು ವರ್ಷಕ್ಕೆ ಆ ದಾಕು ಮೈಸೂರು ಅರಮನೆಯ ಒಳಕ್ಕೇ ಬಂದಿತ್ತು. ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬರೆದ ರಾಣಿಯರ ಚಿತ್ರವನ್ನು ದಾಕಿನ ಪ್ರಚಾರದ ಚಿತ್ರವೆಂದು ಇತಿಹಾಸಕಾರರು ಗುರುತಿಸಿದ್ದಾರೆ.

ನಮ್ಮ ಸೀಮೆಯಲ್ಲೇ ನಡೆದ ಪರಿಶೀಲನೆಯ ಕತೆಯೊಂದನ್ನು ಇಲ್ಲಿ ಹೇಳಬೇಕು. ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದಾಗ ಬಂಗಲೆಯ ಕಿಟಕಿಯ ಹೊರಗೆ ಇಟ್ಟಿದ್ದ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು, ನೀರು ಚೆಲ್ಲಿಸಿ, ಸೊಳ್ಳೆ ಕಡಿಮೆಯಾದದ್ದನ್ನು ಗಮನಿಸಿದರು. 1895ರಲ್ಲಿ ಕಾಲರಾ ತಡೆಯುವ ಕೆಲಸಕ್ಕೆ ಅವರನ್ನು ಮತ್ತೆ ಬೆಂಗಳೂರಿಗೆ ಕಳಿಸಲಾಯಿತು. ಅಷ್ಟರಲ್ಲಿ ಅವರಿಗೆ ಮಲೇರಿಯಾದ ಗೀಳು ಹಿಡಿದಿತ್ತು. ಬೌರಿಂಗ್ ಸಿವಿಲ್ ಆಸ್ಪತ್ರೆಯಲ್ಲಿ ಅಸಿಸ್ಟೆಂಟ್ ಸರ್ಜನ್ ಆಗಿದ್ದ ಅಪ್ಪಯ್ಯ ಎಂಬವರು, ಮಲೇರಿಯಾ ರೋಗಿಯ ರಕ್ತ ಕುಡಿದ ಸೊಳ್ಳೆಗಳಿಂದ ತಾವಾಗಿ ಕಚ್ಚಿಸಿಕೊಂಡರು. ಜ್ವರ ಬರಲಿಲ್ಲ. ಆ ಸೊಳ್ಳೆಗಳು ಮಲೇರಿಯಾ ಹರಡದ ಜಾತಿಯವು ಎಂಬುದು ಆಮೇಲೆ ತಿಳಿಯಿತು. ಜೀವ ಪಣಕ್ಕಿಟ್ಟು ಕೈ ಚಾಚಿದ ಅಪ್ಪಯ್ಯನವರು ವಿಜ್ಞಾನದ ಚರಿತ್ರೆಯಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಪಡೆಯಲಿಲ್ಲ. ಅವರ ಹೆಸರಿನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರ ವಾರ್ಡಾದರೂ ಇರಬೇಕಿತ್ತು.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಚುಕ್ಕೆ ರೆಕ್ಕೆಯ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿದ್ದ ಜೀವಕೋಶಗಳನ್ನು ರಾಸ್ ಕಂಡರು. ಇಂಥ ಎರಡು ಸೊಳ್ಳೆಗಳು. ಅಷ್ಟೇ ಅವರ ಸಾಕ್ಷ್ಯ. ಅದನ್ನು ಅವರು ಒಬ್ಬರೇ ನಂಬಿ ಕೂರಲಿಲ್ಲ. ಸರ್ಜನ್-ಮೇಜರ್ ಜಾನ್ ಸ್ಮಿತ್ ಅವರಿಗೆ ಗಾಜಿನ ಪಟ್ಟಿಗಳನ್ನು ತೋರಿಸಿ, ಅವರ ಟಿಪ್ಪಣಿ ಬರೆಸಿಕೊಂಡರು. ಪಟ್ಟಿಗಳು ಲಂಡನ್ನಿಗೆ ಹೋದವು. ಪ್ಯಾಟ್ರಿಕ್ ಮ್ಯಾನ್ಸನ್, ಬ್ಲಾಂಡ್-ಸಟನ್, ಜಾರ್ಜ್ ಥಿನ್ ಮೂವರೂ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿದರು. 1897ರ ಡಿಸೆಂಬರ್ 18ರ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ರಾಸ್ ಲೇಖನದ ಜೊತೆಯಲ್ಲೇ ಈ ಪರೀಕ್ಷಕರ ಮಾತುಗಳೂ ಹೆಸರು ಸಮೇತ ಅಚ್ಚಾದವು. ಕಂಡದ್ದೇನು, ಅದರಿಂದ ಎಷ್ಟು ಹೇಳಬಹುದು, ಎಷ್ಟು ಹೇಳಬಾರದು ಎಂಬುದು ಓದುಗನ ಕಣ್ಣೆದುರೇ ಇತ್ತು. ಇಂದಿನ ಗುಟ್ಟಿನ ಪರಿಶೀಲನೆಗಿಂತ ಇದು ಹೆಚ್ಚು ಪ್ರಾಮಾಣಿಕವಾದ ಪದ್ಧತಿ ಎಂದು ನನಗನ್ನಿಸುತ್ತದೆ.

ಇದಕ್ಕೆ ತಿರುಗಾದ ಪ್ರಸಂಗವೂ ಪಕ್ಕದಲ್ಲೇ ಇದೆ. ಗುಲ್ಬರ್ಗ, ರಾಯಚೂರು, ಬೀದರ್ ಸೇರಿದ್ದ ನಿಜಾಮ್ ರಾಜ್ಯದಲ್ಲಿ ರೆಸಿಡೆನ್ಸಿ ಸರ್ಜನ್ ಆಗಿದ್ದ ಎಡ್ವರ್ಡ್ ಲಾರಿ, ಕ್ಲೋರೋಫಾರ್ಮ್‌ನಿಂದ ಸಾವು ಬಂದರೆ ಉಸಿರು ನಿಂತು ಬರುತ್ತದೆಯೇ ಹೊರತು ಹೃದಯ ನಿಂತಲ್ಲ ಎಂದು ವಾದಿಸಿದರು. 1888ರ ಅವರ ಪ್ರಯೋಗಗಳನ್ನು ಲ್ಯಾನ್ಸೆಟ್ ಒಪ್ಪಲಿಲ್ಲ. ನಿಜಾಮರು 1,000 ಪೌಂಡ್ ಕೊಟ್ಟು, ನಿಮ್ಮ ಪ್ರತಿನಿಧಿಯನ್ನೇ ಕಳಿಸಿ ಎಂದರು. ಲಾಡರ್ ಬ್ರಂಟನ್ 1889ರಲ್ಲಿ ಹೈದರಾಬಾದಿಗೆ ಬಂದು, ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಲಾರಿಯ ಪಕ್ಷಕ್ಕೇ ವಾಲಿದರು. ಪರೀಕ್ಷಿಸಲು ಬಂದವರೂ ಪರೀಕ್ಷೆಗೊಳಗಾದವರೂ ಕೂಡಿ ತಪ್ಪಿದರು: ಕ್ಲೋರೋಫಾರ್ಮ್ ಹೃದಯದ ಬಡಿತವನ್ನೇ ಕೆಡಿಸಿ ಕೊಲ್ಲಬಲ್ಲದೆಂದು ಎ.ಜಿ. ಲೆವಿ 1911ರಲ್ಲಿ ತೋರಿಸಿದರು. ಇದೇ ಲಾರಿ ಮಲೇರಿಯಾದ ರೋಗಾಣು ಎಂಬುದೇ ಇಲ್ಲವೆಂದು ರಾಸ್ ಜೊತೆಯೂ ಜಗಳ ಕಾದವರು.

ಇನ್ನು ಪ್ಲೇಗಿನ ಮದ್ದಿಗೆ ಬರೋಣ. ಅದನ್ನು ಮಾಡಿದವರು ವಾಲ್ಡೆಮಾರ್ ಹಾಫ್‌ಕಿನ್. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದವರು, ಕಾಲರಾ ಲಸಿಕೆ ಹಿಡಿದು 1893ರಲ್ಲಿ ಭಾರತಕ್ಕೆ ಬಂದವರು. 1896ರಲ್ಲಿ ಬೊಂಬಾಯಿಗೆ ಪ್ಲೇಗು ಬಂದಾಗ ಗ್ರಾಂಟ್ ಮೆಡಿಕಲ್ ಕಾಲೇಜಿನ ಕೋಣೆಯೊಂದರಲ್ಲಿ ಕೆಲಸಕ್ಕೆ ಕೂತರು. ಹಿಂದೂ ಮುಸ್ಲಿಮರಿಬ್ಬರಿಗೂ ಅಡ್ಡಿಯಾಗದಿರಲೆಂದು ಆಡಿನ ಮಾಂಸದ ಸಾರು ಬಳಸಿ, ಅದರ ಮೇಲೆ ತುಪ್ಪದ ಹನಿ ತೇಲಿಬಿಟ್ಟು ರೋಗಾಣು ಬೆಳೆಸಿದರು. ಕಾಯಿಸಿ ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿದರು. 1897ರ ಜನವರಿ 10ರಂದು ಮೊದಲ ಚುಚ್ಚು ತಮಗೇ ಹಾಕಿಸಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಬೈಕಲಾ ಜೈಲಿಗೆ ಪ್ಲೇಗು ನುಗ್ಗಿತು. ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಜನ ಒಪ್ಪಿ ಚುಚ್ಚಿಸಿಕೊಂಡರು. ಮರುದಿನದಿಂದ ಲೆಕ್ಕ ಹಿಡಿದರೆ, ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ರೋಗ, ಸಾವಿಲ್ಲ. ಹಾಕಿಸಿಕೊಳ್ಳದವರಲ್ಲಿ 12 ಜನರಿಗೆ ರೋಗ, 6 ಸಾವು.

ಜೈಲಿನ ಲೆಕ್ಕ ಚಿಕ್ಕದು, ಆದರೆ ಗಟ್ಟಿ. ಗೋಡೆಯೊಳಗೆ ಇರುವವರೆಷ್ಟು ಎಂಬುದು ಗೊತ್ತು, ಯಾರೂ ಓಡಿಹೋಗಲಾರರು. ಇದಕ್ಕಿಂತ ಚೆನ್ನಾದ ಪರೀಕ್ಷೆಯನ್ನು ಹಾಫ್‌ಕಿನ್ 1898ರಲ್ಲಿ ಬರೋಡದ ಬಳಿಯ ಉಂಧೇರಾ ಎಂಬ ಹಳ್ಳಿಯಲ್ಲಿ ಮಾಡಿದರು. ಮನೆಮನೆಗೂ ಹೋಗಿ, ಪ್ರತಿ ಮನೆಯವರನ್ನೂ ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ಚುಚ್ಚಿದರು. ಒಂದೇ ಸೂರು, ಒಂದೇ ಊಟ, ಅವೇ ಇಲಿಗಳು. ರೋಗ ಹೊಕ್ಕ ಮನೆಗಳಲ್ಲಿ ಚುಚ್ಚಿಸಿಕೊಂಡವರು 71. ಅವರಲ್ಲಿ 8 ಜನರಿಗೆ ಪ್ಲೇಗು ಬಂದು 3 ಜನ ಸತ್ತರು. ಚುಚ್ಚಿಸಿಕೊಳ್ಳದವರು 64, ಅವರಲ್ಲಿ 27 ಜನರಿಗೆ ಬಂದು 26 ಜನ ಸತ್ತರು. ಆ 26 ಜನರ ಸಾವನ್ನು ಪರೀಕ್ಷೆಯ ಬೆಲೆ ಎಂದು ಯಾರೂ ಅಂದು ಬರೆಯಲಿಲ್ಲ. ನಾವಾದರೂ ನೆನೆಯಬೇಕು.

ಆ ವರ್ಷವೇ ಬೇಸಿಗೆಯ ಕೊನೆಯಿಂದ ಹುಬ್ಬಳ್ಳಿಯಲ್ಲಿ ನಡೆದದ್ದು ಬೇರೆಯದೇ ಪ್ರಮಾಣದ್ದು. ನೇಕಾರರ, ಹತ್ತಿ ವ್ಯಾಪಾರದ, ರೈಲ್ವೆ ಕಾರ್ಖಾನೆಯ ಊರು. ಸುಮಾರು 50 ಸಾವಿರ ಜನ. ಸರ್ಜನ್-ಕ್ಯಾಪ್ಟನ್ ಲ್ಯೂಮನ್ ಅವರ ಮುಂದಾಳುತನದಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆಯೊಳಗೆ 38 ಸಾವಿರಕ್ಕೂ ಹೆಚ್ಚು ಜನಕ್ಕೆ ಚುಚ್ಚಿದರು. ಧಾರವಾಡ ಜಿಲ್ಲೆಯಲ್ಲಿ ಈ ಕೆಲಸಕ್ಕೆ ನಿಂತವರಲ್ಲಿ ಡಾ. ಆಲಿಸ್ ಕಾರ್ಥಾರ್ನ್ ಎಂಬ ಮಹಿಳೆಯೂ ಇದ್ದರು. ಜಗತ್ತಿನ ಯಾವ ಊರೂ ಪ್ಲೇಗಿನ ನಡುವೆ ಅಲ್ಲಿಯವರೆಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಈ ಮದ್ದಿಗೆ ತೋಳು ಒಡ್ಡಿರಲಿಲ್ಲ. ವಾರವಾರವೂ ಲೆಕ್ಕ ಹೊರಬಿತ್ತು: ಚುಚ್ಚಿಸಿಕೊಂಡವರಲ್ಲಿ ಸಾವಿರಕ್ಕೆ ಇಷ್ಟು ಸಾವು, ಚುಚ್ಚಿಸಿಕೊಳ್ಳದವರಲ್ಲಿ ಸಾವಿರಕ್ಕೆ ಅಷ್ಟು. ಎರಡರ ನಡುವಿನ ಅಂತರ ಕಣ್ಣು ಕುಕ್ಕುವಂತಿತ್ತು. 1899ರ ಜೂನ್‌ನಲ್ಲಿ ಹಾಫ್‌ಕಿನ್ ರಾಯಲ್ ಸೊಸೈಟಿಯ ಮುಂದೆ ತಮ್ಮ ಕೆಲಸವನ್ನು ವಿವರಿಸಿದರು.

ಇಷ್ಟರಲ್ಲಿ ಪರಿಶೀಲಕರು ಭಾರತಕ್ಕೆ ಬಂದಿದ್ದರು. 1898ರ ಕೊನೆಯಲ್ಲಿ ಕೆಲಸ ಶುರು ಮಾಡಿದ ಇಂಡಿಯನ್ ಪ್ಲೇಗ್ ಕಮಿಷನ್ನಿನ ಅಧ್ಯಕ್ಷರು ಎಡಿನ್‌ಬರೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಟಿ.ಆರ್. ಫ್ರೇಸರ್. ನೆಟ್ಲಿಯ ಸೇನಾ ವೈದ್ಯಶಾಲೆಯ ಆಲ್ಮ್ರಾತ್ ರೈಟ್, ಈಜಿಪ್ಟಿನ ಆರೋಗ್ಯ ಮಂಡಳಿಯ ರಫರ್, ಇಬ್ಬರು ಸಿವಿಲ್ ಸರ್ವೀಸಿನ ಅಧಿಕಾರಿಗಳು ಸದಸ್ಯರು. 70 ಬಾರಿ ಸಭೆ ಸೇರಿ 260 ಸಾಕ್ಷಿಗಳನ್ನು ಕೇಳಿದರು. ಹುಬ್ಬಳ್ಳಿಯ ಅಂಕಿಗಳು ಅವರ ಮುಂದೆ ಬಂದವು.

ಆ ಲೆಕ್ಕದಲ್ಲಿ ಎಡವಟ್ಟು ಎಲ್ಲಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಡೀ ವಿವಾದದ ಬೇರು ಅಲ್ಲಿದೆ. ಚುಚ್ಚಿಸಿಕೊಂಡವರ ಸಂಖ್ಯೆ ಡಾಕ್ಟರರ ಪುಸ್ತಕದಲ್ಲಿ ಇರುತ್ತದೆ. ಚುಚ್ಚಿಸಿಕೊಳ್ಳದವರ ಸಂಖ್ಯೆ ಯಾರ ಪುಸ್ತಕದಲ್ಲೂ ಇರುವುದಿಲ್ಲ. ಊರಿನ ಒಟ್ಟು ಜನದಿಂದ ಕಳೆದು ತೆಗೆಯಬೇಕು. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ಊರಲ್ಲಿ 40,000 ಜನರಿದ್ದಾರೆಂದು ಅಂದಾಜು, ಅವರಲ್ಲಿ 38,000 ಜನ ಚುಚ್ಚಿಸಿಕೊಂಡವರು. ಉಳಿದವರು 2,000. ಉಳಿದವರಲ್ಲಿ 200 ಜನ ಸತ್ತರೆ ಸಾವು ನೂರಕ್ಕೆ 10. ಆದರೆ ಊರಲ್ಲಿ ನಿಜವಾಗಿ 44,000 ಜನರಿದ್ದರೆ? ಉಳಿದವರು 6,000 ಆಗುತ್ತಾರೆ, ಅದೇ 200 ಸಾವು ನೂರಕ್ಕೆ ಮೂರು ಚಿಲ್ಲರೆಗೆ ಇಳಿಯುತ್ತದೆ. ಊರಿನ ಒಟ್ಟು ಲೆಕ್ಕದಲ್ಲಿ ಹತ್ತರಲ್ಲೊಂದು ಪಾಲು ತಪ್ಪಿದರೆ ಮದ್ದಿನ ಗುಣ ಮೂರು ಪಟ್ಟು ಹಿಗ್ಗಿ ಕಾಣುತ್ತದೆ. ಪ್ಲೇಗಿನ ಕಾಲದಲ್ಲಿ ಊರಿನ ಜನವನ್ನು ಎಣಿಸುವುದು ಹೇಗೆ? ಹೊಲಕ್ಕೆ ಹೋದವರೆಷ್ಟು, ನೆಂಟರ ಊರಿಗೆ ಓಡಿದವರೆಷ್ಟು, ಕದ್ದು ವಾಪಸು ಬಂದವರೆಷ್ಟು?

ತೊಡಕು ಇದೊಂದೇ ಆಗಿರಲಿಲ್ಲ. ಗಟ್ಟಿಮುಟ್ಟಾದವರು ಚುಚ್ಚಿಸಿಕೊಳ್ಳಲು ಬರುತ್ತಾರೆ, ಆಗಲೇ ಜ್ವರ ಬಂದವರನ್ನು ಡಾಕ್ಟರರೇ ವಾಪಸು ಕಳಿಸುತ್ತಾರೆ. ಚುಚ್ಚಿಸಿಕೊಂಡವರಿಗೆ ಒಂದು ಸರ್ಟಿಫಿಕೇಟು ಕೊಡುತ್ತಿದ್ದರು. ಅದು ಕೈಲಿದ್ದರೆ ಶಿಬಿರದ, ತಪಾಸಣೆಯ ಕಾಟ ಕಡಿಮೆ. ಹೀಗಾಗಿ ಎರಡು ಪಾಲಿನವರ ಸ್ಥಿತಿ ಒಂದೇ ಆಗಿರಲಿಲ್ಲ. ಸತ್ತವನ ಮನೆಯವರು ಸಾವನ್ನೇ ಮುಚ್ಚಿಟ್ಟರೆ ಅದು ಯಾವ ಪಾಲಿನ ಲೆಕ್ಕಕ್ಕೂ ಬಾರದು.

ಮೈಸೂರು ರಾಜ್ಯದ ಹಳ್ಳಿಗಳಲ್ಲಿ ಹುಟ್ಟು ಸಾವು ಬರೆಯುತ್ತಿದ್ದವರು ಪಟೇಲರು, ಶಾನುಭೋಗರು. ಕೋಲಾರ ಸೀಮೆಯ ಒಂದು ಹಳ್ಳಿಯನ್ನು ನೆನೆಯಿರಿ. ಇಲಿ ಬಿದ್ದಿದೆ, ಊರು ಖಾಲಿ, ಶಾನುಭೋಗರೂ ಹೊಲದ ಗುಡಿಸಲಲ್ಲಿ. ಯಾರಿಗೋ ಜ್ವರ, ಯಾರೋ ಹೋದರಂತೆ. ಪ್ಲೇಗೋ ಬೇರೆ ಜ್ವರವೋ ಹೇಳುವವರಿಲ್ಲ. ಬರೆದರೆ ಅಮಲ್ದಾರರ ಸಿಬ್ಬಂದಿ ಬರುತ್ತದೆ, ಗುಡಿಸಲಿನವರನ್ನೆಲ್ಲ ಶಿಬಿರಕ್ಕೆ ಎಳೆಯುತ್ತದೆ. ಬರೆಯದಿದ್ದರೆ ಊರಿನವರ ಮುಖ ಉಳಿಯುತ್ತದೆ. ಆ ಕೈ ಏನು ಬರೆಯಿತೋ ಅದೇ ತಾಲ್ಲೂಕು ಕಚೇರಿಗೆ, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ವರದಿಗಳ ಪಟ್ಟಿಗೆ ಹೋಗುತ್ತಿತ್ತು. ದೊಡ್ಡ ಪ್ರಾಧ್ಯಾಪಕರ ಇಡೀ ತರ್ಕ ಕೊನೆಗೆ ನಿಲ್ಲಬೇಕಾಗಿದ್ದುದು ಈ ಕಡತದ ಮೇಲೆ. ವೈದ್ಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇದನ್ನು ಗಮನಿಸುವುದಿಲ್ಲ. ಹಾಫ್‌ಕಿನ್, ಫ್ರೇಸರ್, ರೈಟ್ ಇವರ ಜಗಳವಷ್ಟೇ ಅವರಿಗೆ ಕಾಣುತ್ತದೆ.

ಕಮಿಷನ್ ಕೊನೆಗೆ ಕೊಟ್ಟ ತೀರ್ಪು ನ್ಯಾಯವಾದದ್ದು. ಹಲವು ಕಡೆಯ ಅಂಕಿಗಳು ನಿಖರವಲ್ಲ ಎಂದಿತು. ಮದ್ದಿನ ಹದ ಒಂದೇ ಸಮ ಇಲ್ಲ, ತಯಾರಿಕೆಯಲ್ಲಿ ಬೇರೆ ರೋಗಾಣು ಸೇರುವ ಅಪಾಯವಿದೆ ಎಂದಿತು. ಇಷ್ಟೆಲ್ಲ ಕಳೆದ ಮೇಲೂ, ಈ ಮದ್ದು ರೋಗ ಬರುವುದನ್ನೂ ಸಾವನ್ನೂ ಗಣನೀಯವಾಗಿ ಕಡಿಮೆ ಮಾಡುತ್ತದೆ, ಆದರೆ ಪೂರ್ತಿ ರಕ್ಷಣೆಯಲ್ಲ. ಚುಚ್ಚಿದ ಕೂಡಲೇ ಗುಣ ಕಾಣದು. ಗುಣ ಕೆಲವು ವಾರ, ಬಹುಶಃ ತಿಂಗಳುಗಳ ಕಾಲ ಉಳಿಯುತ್ತದೆ ಎಂದು ಹೇಳಿತು. ಹಾಫ್‌ಕಿನ್‌ಗೆ ಇದು ಕಹಿಯಾಯಿತು. ಆದರೆ ಹೊಗಳಿಕೆಯ ಹತ್ತು ವರದಿಗಳಿಗಿಂತ ಈ ಒರೆ ಹಚ್ಚಿದ ಮಾತು ಮದ್ದಿಗೆ ಹೆಚ್ಚು ಬೆಲೆ ತಂದಿತು. ತೋಳು ಒಡ್ಡಿದ ಜನಕ್ಕೆ ಸಲ್ಲಬೇಕಾದ ಗೌರವವೂ ಅದೇ: ಅವರ ಸಾವು ಬದುಕಿನ ಲೆಕ್ಕವನ್ನು ಮುಲಾಜಿಲ್ಲದೆ ನೋಡುವುದು.

ಇದೇ ಕಮಿಷನ್ ಇನ್ನೊಂದು ಕಡೆ ದೊಡ್ಡ ತಪ್ಪು ಮಾಡಿತು. ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮಂಡ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ, ಪ್ಲೇಗು ಇಲಿಯಿಂದ ಇಲಿಗೆ, ಇಲಿಯಿಂದ ಮನುಷ್ಯನಿಗೆ ಚಿಗಟದ ಮೂಲಕ ಹರಡುತ್ತದೆ ಎಂದು ತೋರಿಸಿದ್ದರು. ಸತ್ತ ಇಲಿ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಬಿಸಿ ಮೈ ಹುಡುಕುತ್ತವೆ. ಕಮಿಷನ್ ಈ ವಾದವನ್ನು ತಳ್ಳಿಹಾಕಿತು. 1905ರಲ್ಲಿ ಶುರುವಾದ ಎರಡನೆಯ ತನಿಖೆಯವರು ಚಿಗಟವನ್ನು ಖಚಿತಪಡಿಸುವವರೆಗೆ ವರ್ಷಗಳು ಕಳೆದವು. ಆ ವರ್ಷಗಳಲ್ಲಿ ದೇಶದಲ್ಲಿ ಪ್ಲೇಗಿನಿಂದ ಸತ್ತವರು ಲಕ್ಷಗಟ್ಟಲೆ. ಪರಿಣತರು ಪರಿಣತರ ಮಾತನ್ನು ತೂಗುವಾಗ, ಇಲಿ ಬಿದ್ದ ಮನೆಯನ್ನು ಬಿಟ್ಟು ಹೊರಡುತ್ತಿದ್ದ ಮುಳಬಾಗಿಲಿನ ರೈತನ ಅನುಭವ ಆ ತಕ್ಕಡಿಗೆ ಬೀಳಲಿಲ್ಲ. ಚಿಗಟ ಅವನಿಗೂ ಗೊತ್ತಿರಲಿಲ್ಲ. ಆದರೆ ಇಲಿ ಬಿದ್ದ ಮೇಲೆ ಸೂರಿನ ಕೆಳಗೆ ಇರಬಾರದು ಎಂಬ ಅವನ ಪಾಠ ಸತ್ಯಕ್ಕೆ ಕಮಿಷನ್ನಿಗಿಂತ ಹತ್ತಿರವಿತ್ತು.

ಹಾಫ್‌ಕಿನ್‌ರ ಅಂಕಿಗಳನ್ನು ತೂಗಿದ ರೈಟ್ ಅವರ ಸರದಿಯೂ ಬಂತು. ಅವರು ವಿಷಮಶೀತಜ್ವರಕ್ಕೆ ತಮ್ಮದೇ ಲಸಿಕೆ ಮಾಡಿ, ಕಮಿಷನ್ ಕೆಲಸಕ್ಕೆ ಭಾರತಕ್ಕೆ ಬಂದಾಗಲೇ ಸೈನಿಕರಿಗೆ ಚುಚ್ಚಿದ್ದರು. 1904ರಲ್ಲಿ ಗಣಿತಜ್ಞ ಕಾರ್ಲ್ ಪಿಯರ್‌ಸನ್ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಆ ಲಸಿಕೆಯ ಲೆಕ್ಕಗಳನ್ನು ಬಿಚ್ಚಿ, ಇದು ಸಾಲದು ಎಂದರು. ಒಪ್ಪಿ ಬಂದವರ ಪಟ್ಟಿ ಮಾಡಿ, ಅದರಲ್ಲಿ ಒಬ್ಬರನ್ನು ಬಿಟ್ಟು ಒಬ್ಬರಿಗೆ ಚುಚ್ಚಿ, ಆಮೇಲೆ ಹೋಲಿಸಿ ಎಂದು ದಾರಿಯನ್ನೂ ಹೇಳಿದರು. ಉಂಧೇರಾದ ಮನೆಗಳಲ್ಲಿ ಹಾಫ್‌ಕಿನ್ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ.

ಹಾಫ್‌ಕಿನ್‌ರಿಗೆ ಕಾದಿದ್ದ ಮುಂದಿನ ಪರೀಕ್ಷೆಯಲ್ಲಿ ನ್ಯಾಯ ಇರಲಿಲ್ಲ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯಿಂದ ಚುಚ್ಚಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ವಿಚಾರಣಾ ಸಮಿತಿ, ಬಾಟಲಿ ಬೊಂಬಾಯಿಯ ಪ್ರಯೋಗಾಲಯದಲ್ಲೇ ಕೆಟ್ಟಿತ್ತು ಎಂದಿತು. ಹಾಫ್‌ಕಿನ್ ಕೆಲಸ ಕಳೆದುಕೊಂಡರು. ಸಮಿತಿ ಆಧರಿಸಿದ ದಾಖಲೆಗಳು ವರ್ಷಗಟ್ಟಲೆ ಹೊರಬರಲಿಲ್ಲ. 1906ರಲ್ಲಿ ಅಚ್ಚಾದ ಮೇಲೆ ಬೇರೆ ವಿಜ್ಞಾನಿಗಳು ಓದಿದರು. ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಚಿಮಟ ನೆಲಕ್ಕೆ ಬಿದ್ದಿತ್ತು, ಸರಿಯಾಗಿ ಶುದ್ಧಿಯಾಗಿರಲಿಲ್ಲ. ತೆರೆದಾಗ ಮದ್ದಿಗೆ ನಾತವಿರಲಿಲ್ಲ, ಆದರೆ ಧನುರ್ವಾಯುವಿನ ರೋಗಾಣು ಮೊದಲೇ ಬೆಳೆದಿದ್ದರೆ ನಾತ ಬಡಿಯದೆ ಇರದು. 1907ರ ಜುಲೈನಲ್ಲಿ ರಾಸ್ ಸೇರಿದಂತೆ 10 ಜನ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಸಹಿ ಹಾಕಿದ ಪತ್ರ ಬರೆದು ಹಾಫ್‌ಕಿನ್ ನಿರ್ದೋಷಿ ಎಂದರು. ಆ ವರ್ಷದ ಕೊನೆಯಲ್ಲಿ ಸರ್ಕಾರ ಅವರನ್ನು ಮತ್ತೆ ಕೆಲಸಕ್ಕೆ ಕರೆಯಿತು. ಐದು ವರ್ಷ ಆಗಲೇ ಹೋಗಿತ್ತು. 1925ರಲ್ಲಿ ಬೊಂಬಾಯಿಯ ಆ ಪ್ರಯೋಗಾಲಯಕ್ಕೆ ಅವರದೇ ಹೆಸರಿಟ್ಟರು. ಮುಚ್ಚಿದ ಕೋಣೆಯ ವಿಚಾರಣೆ ತಪ್ಪಿತು, ತೆರೆದ ಕಾಗದ ಅದನ್ನು ತಿದ್ದಿತು. ಈ ಇಡೀ ಕಾಲದಿಂದ ನಾನು ಎತ್ತಿಕೊಳ್ಳುವ ಮಾತು ಇದು.

ಆದ್ದರಿಂದಲೇ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮದು ಪಟೇಲರ, ಶಾನುಭೋಗರ ಮನೆತನವಾಗಿದ್ದರೆ, ಅಟ್ಟದ ಮೇಲಿನ ಕಡತಗಳಲ್ಲಿ ಹುಟ್ಟು ಸಾವಿನ ಪುಸ್ತಕಗಳು ಉಳಿದಿರಬಹುದು. ಗಣಿಯಲ್ಲಿ ದುಡಿದವರ ಮನೆಗಳಲ್ಲಿ ಹಳೆಯ ಪ್ಲೇಗ್ ಸರ್ಟಿಫಿಕೇಟು ಯಾವುದೋ ಟ್ರಂಕಿನ ತಳದಲ್ಲಿರಬಹುದು. ಗೆದ್ದಲು ತಿಂದಿದೆ, ಮೋಡಿ ಬರಹ ಓದಲು ಬರುವುದಿಲ್ಲ ಎಂದು ಎಸೆಯಬೇಡಿ. ಫೋಟೊ ತೆಗೆದಿಡಿ, ರಾಜ್ಯ ಪತ್ರಾಗಾರಕ್ಕೆ ತಿಳಿಸಿ. ಊರ ಹೊರಗಿನ ಪ್ಲೇಗಮ್ಮನ ಗುಡಿ ಯಾವ ವರ್ಷದ್ದು, ಯಾವ ಹೊಲದಲ್ಲಿ ಗುಡಿಸಲು ಹಾಕಿದ್ದರು ಎಂದು ಹಿರಿಯರು ಕೇಳಿ ತಿಳಿದಿದ್ದರೆ ಅದನ್ನೂ ಬರೆದಿಡಿ. ಫ್ರೇಸರ್ ಕಮಿಷನ್ನಿನ ಸಂಪುಟಗಳು ಗ್ರಂಥಾಲಯಗಳಲ್ಲಿ ಭದ್ರವಾಗಿವೆ. ಅವುಗಳ ಜೊತೆ ಇಟ್ಟು ಓದಬೇಕಾದ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ, ಅದನ್ನು ಉಳಿಸುವುದು ನಿಮ್ಮ ಕೈಯಲ್ಲಿದೆ.